ಖಾಲಿ ಸೀಸೆಯಲ್ಲಿ ಸಿಕ್ಕ ಪ್ಲಾಸ್ಟಿಕ್

ವಾರಕ್ಕೆ ಐದು ಗ್ರಾಂ ಪ್ಲಾಸ್ಟಿಕ್, ಅಂದರೆ ಒಂದು ಕ್ರೆಡಿಟ್ ಕಾರ್ಡಿನ ತೂಕದಷ್ಟು, ನಮ್ಮೆಲ್ಲರ ಹೊಟ್ಟೆ ಸೇರುತ್ತಿದೆ ಎಂಬ ಮಾತನ್ನು ಕೇಳದವರು ಈಗ ಬೆಂಗಳೂರಿನಲ್ಲಿ ಸಿಗುವುದು ಕಷ್ಟ. ಶಾಲೆಯ ಪರಿಸರ ದಿನಾಚರಣೆಯ ಭಾಷಣದಲ್ಲಿ ಅದು ಇರುತ್ತದೆ, ಸ್ಟೀಲ್ ಬಾಟಲಿ ಮಾರುವವರ ಜಾಹೀರಾತಿನಲ್ಲಿ ಇರುತ್ತದೆ, ಮದುವೆ ಮನೆಯ ಪಂಕ್ತಿಯಲ್ಲಿ ಪ್ಲಾಸ್ಟಿಕ್ ಲೋಟ ಇಟ್ಟ ಕೂಡಲೇ ಪಕ್ಕದಲ್ಲಿ ಕುಳಿತವರ ಬಾಯಲ್ಲೂ ಬರುತ್ತದೆ. ಈ ಮಾತಿನ ಮೂಲ 2019ರ ಒಂದು ವರದಿ. ವಿಶ್ವ ವನ್ಯಜೀವಿ ನಿಧಿಯವರು ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರಿಂದ ಮಾಡಿಸಿದ ಲೆಕ್ಕಾಚಾರ ಅದು.

ಎರಡು ವರ್ಷಗಳ ನಂತರ, 2021ರಲ್ಲಿ, ನೆದರ್ಲೆಂಡ್ಸ್‌ನ ವಾಗೆನಿಂಗೆನ್ ವಿಶ್ವವಿದ್ಯಾಲಯದ ತಂಡ ಅದೇ ಪ್ರಶ್ನೆಗೆ ಬೇರೆ ದಾರಿಯಲ್ಲಿ ಉತ್ತರ ಹುಡುಕಿತು. ಆಹಾರ, ನೀರು, ಗಾಳಿ ಎಲ್ಲ ಸೇರಿ ವಯಸ್ಕರೊಬ್ಬರ ದೇಹ ಹೊಗುವುದು ದಿನಕ್ಕೆ ಮೈಕ್ರೋಪ್ಲಾಸ್ಟಿಕ್ ಎಂಬ ಸೂಕ್ಷ್ಮ ಪ್ಲಾಸ್ಟಿಕ್‌ನ ಸುಮಾರು 883 ಕಣ, ಅವುಗಳ ಒಟ್ಟು ತೂಕ 583 ನ್ಯಾನೋಗ್ರಾಂ ಎಂದು ಅವರ ಅಂದಾಜು. ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಈ ದರದಲ್ಲಿ ಒಂದು ಕ್ರೆಡಿಟ್ ಕಾರ್ಡ್ ತಿಂದು ಮುಗಿಸಲು ಎಷ್ಟು ಕಾಲ ಬೇಕೆಂದು ಕಾಗದದ ಮೇಲೆ ಗುಣಿಸಿ ನೋಡಿದೆ. ಸುಮಾರು 23 ಸಾವಿರ ವರ್ಷ ಬಂತು. ಒಂದು ಅಂದಾಜಿನ ಪ್ರಕಾರ ಏಳು ದಿನ, ಇನ್ನೊಂದರ ಪ್ರಕಾರ 23 ಸಾವಿರ ವರ್ಷ. ಎರಡರ ನಡುವೆ ಹತ್ತು ಲಕ್ಷ ಪಟ್ಟಿಗೂ ಹೆಚ್ಚಿನ ಅಂತರ. ಭಾಷಣದಲ್ಲಿ ಮೊದಲನೆಯದು ಮಾತ್ರ ಉಳಿದದ್ದು ಏಕೆಂದು ಊಹಿಸಲು ಸಂಶೋಧನೆ ಬೇಕಿಲ್ಲ.

ಇಷ್ಟೊಂದು ಅಂತರ ಎಲ್ಲಿಂದ ಬಂತು? ಯಾರೂ ಸುಳ್ಳು ಹೇಳಿದ್ದರಿಂದಲ್ಲ. ಕಣಗಳನ್ನು ಎಣಿಸುವುದು ಒಂದು ಕೆಲಸ, ಎಣಿಕೆಯನ್ನು ತೂಕಕ್ಕೆ ತಿರುಗಿಸುವುದು ಇನ್ನೊಂದು. ಕಣದ ಗಾತ್ರ ಹತ್ತು ಪಟ್ಟು ಹೆಚ್ಚಾದರೆ ತೂಕ ಸಾವಿರ ಪಟ್ಟು ಹೆಚ್ಚುತ್ತದೆ. ಒಬ್ಬರು ಎಣಿಸಿದ ಸಣ್ಣ ಕಣಗಳ ಸಂಖ್ಯೆಗೆ ಇನ್ನೊಬ್ಬರು ಅಳೆದ ದೊಡ್ಡ ಕಣಗಳ ಸರಾಸರಿ ತೂಕವನ್ನು ಗುಣಿಸಿದರೆ ಮೊತ್ತ ಎಲ್ಲಿಗೆ ಬೇಕಾದರೂ ಹಾರಬಹುದು. ಎರಡನೆಯ ತಂಡದವರು ಈ ವಿಷಯದಲ್ಲಿ ಹೆಚ್ಚು ಎಚ್ಚರ ವಹಿಸಿದರು, ಆದ್ದರಿಂದ ನನಗೆ ಅವರ ಮೇಲೆ ಹೆಚ್ಚು ನಂಬಿಕೆ. ಆದರೆ ಅವರೂ ಒಂದು ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿಗಿಂತ, ಸಣ್ಣ ಕಣಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ, ಮಾಹಿತಿ ಸಿಕ್ಕ ಕೆಲವೇ ಬಗೆಯ ಆಹಾರವನ್ನು ಮಾತ್ರ ಪರಿಗಣಿಸಿದ್ದಾರೆ. ಹಾಗಾಗಿ 583 ಎಂಬುದನ್ನೂ ಯಾರೂ ಗೋಡೆಯ ಮೇಲೆ ಬರೆದಿಡಬೇಕಾಗಿಲ್ಲ.

ನಾನು ಪೀಣ್ಯದ ಔಷಧ ಕಾರ್ಖಾನೆಯೊಂದರ ಗುಣಮಟ್ಟ ನಿಯಂತ್ರಣ ಪ್ರಯೋಗಾಲಯದಲ್ಲಿ ನಿವೃತ್ತಿಯಾಗುವವರೆಗೆ ಕೆಲಸ ಮಾಡಿದವಳು. ದೊಡ್ಡ ವಿಜ್ಞಾನಿಯಲ್ಲ. ಮಾತ್ರೆಯಲ್ಲಿ ಔಷಧ ಎಷ್ಟಿದೆ, ಬೇಡದ ಕಲ್ಮಶ ಎಷ್ಟಿದೆ ಎಂದು ಅಳೆದು ಸಹಿ ಹಾಕುವುದು ನನ್ನ ಕೆಲಸವಾಗಿತ್ತು. ಆ ಕೆಲಸದಲ್ಲಿ ಎಲ್ಲಕ್ಕಿಂತ ಮೊದಲು ಕಲಿಸುವುದು ಬ್ಲಾಂಕ್ ಎಂಬ ವಿಚಾರವನ್ನು. ಮಾದರಿಯನ್ನು ಹಾಕದೆ, ಉಳಿದ ಎಲ್ಲವನ್ನೂ ಅದೇ ಕ್ರಮದಲ್ಲಿ ಮಾಡಬೇಕು. ಅದೇ ಸೀಸೆ, ಅದೇ ದ್ರಾವಣ, ಅದೇ ಸೋಸುವ ಕಾಗದ, ಅದೇ ಯಂತ್ರ. ಕೊನೆಗೆ ಯಂತ್ರದ ಪರದೆಯಲ್ಲಿ ಚಪ್ಪಟೆ ಗೆರೆ ಬರಬೇಕು. ಗೆರೆ ಎಲ್ಲಾದರೂ ಎದ್ದರೆ ಆ ವಸ್ತು ಮಾತ್ರೆಯಿಂದ ಬಂದದ್ದಲ್ಲ, ನಮ್ಮ ಮೇಜಿನಿಂದ ಬಂದದ್ದು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಸಂಜೆ ಹೊತ್ತಿಗೆ ಬಾಗಿಲಲ್ಲಿ ನಿಂತು, "ಮೇಡಂ, ಬ್ಲಾಂಕ್‌ನಲ್ಲಿ ಪೀಕ್ ಬಂದಿದೆ" ಎಂದರೆ ಆ ದಿನದ ದುಡಿಮೆಯೆಲ್ಲ ವ್ಯರ್ಥವಾಯಿತೆಂದೇ ಅರ್ಥ. ಯಾರೂ ಅವರನ್ನು ಬೈಯುತ್ತಿರಲಿಲ್ಲ. ಮುಚ್ಚಿಟ್ಟಿದ್ದರೆ ಬೈಯುತ್ತಿದ್ದೆವು.

ಮೈಕ್ರೋಪ್ಲಾಸ್ಟಿಕ್ ಹುಡುಕುವವರ ಕಷ್ಟವೆಂದರೆ ಅವರ ಬ್ಲಾಂಕ್ ಚಪ್ಪಟೆಯಾಗಿ ಬರುವುದೇ ಇಲ್ಲ. ಪಿಪೆಟ್ಟಿನ ತುದಿ ಪ್ಲಾಸ್ಟಿಕ್, ಸೀಸೆಯ ಮುಚ್ಚಳ ಪ್ಲಾಸ್ಟಿಕ್, ನೆಲಹಾಸು ಪ್ಲಾಸ್ಟಿಕ್, ಸಂಶೋಧಕಿ ಉಟ್ಟ ಪಾಲಿಯೆಸ್ಟರ್ ಸೀರೆಯಿಂದ ಉದುರುವ ಎಳೆಯೂ ಪ್ಲಾಸ್ಟಿಕ್. ರಕ್ತ ತೆಗೆಯುವ ಸಿರಿಂಜಿನಿಂದ ಹಿಡಿದು ಅಂಗಾಂಶವನ್ನು ವರ್ಷಗಟ್ಟಲೆ ಕಾಪಿಡುವ ಡಬ್ಬಿಯವರೆಗೆ ಆಸ್ಪತ್ರೆಯಲ್ಲಿ ಎಲ್ಲವೂ ಪ್ಲಾಸ್ಟಿಕ್ಕೇ. ಕೈಗವಸಿನ ಕತೆಯಂತೂ ನನಗೆ ಬಹಳ ಇಷ್ಟ. ಮಾದರಿ ಕೆಡದಿರಲೆಂದು ಸಂಶೋಧಕರು ಕೈಗವಸು ತೊಡುತ್ತಾರೆ. ಅಚ್ಚಿನಿಂದ ಸಲೀಸಾಗಿ ಬಿಡಿಸಿಕೊಳ್ಳಲು ತಯಾರಕರು ಆ ಗವಸಿಗೆ ಸ್ಟಿಯರೇಟ್ ಎಂಬ, ಸಾಬೂನಿನ ಜಾತಿಗೆ ಸೇರಿದ ಲವಣವನ್ನು ಬಳಸಿರುತ್ತಾರೆ. ಯಂತ್ರದ ಕಣ್ಣಿಗೆ ಸ್ಟಿಯರೇಟ್ ಹೆಚ್ಚು ಕಡಿಮೆ ಪಾಲಿಥಿನ್‌ನಂತೆಯೇ ಕಾಣುತ್ತದೆ. ಎಚ್ಚರಕ್ಕೆಂದು ತೊಟ್ಟ ಗವಸೇ ಇಲ್ಲದ ಪ್ಲಾಸ್ಟಿಕ್ಕನ್ನು ತೋರಿಸಬಹುದೆಂದು 2020ರಲ್ಲಿ ಒಂದು ಪ್ರಬಂಧ ಪ್ರಕಟವಾಯಿತು. ಅದನ್ನು ಓದಿದಾಗ ನನ್ನ ಹಳೆಯ ಸಹೋದ್ಯೋಗಿಗಳಿಗೆಲ್ಲ ಕಳಿಸಿದೆ.

ಇದನ್ನೆಲ್ಲ ಈಗ ಬರೆಯಲು ಕಾರಣ ನನ್ನ ಅಣ್ಣನ ಮಗಳು. ಅವಳು ಬಸುರಿ. ಮೊದಲ ಮಗು. ಬಸವೇಶ್ವರನಗರದ ತವರಿಗೆ ಬಂದಿದ್ದಾಗ ನನ್ನನ್ನು ಕೋಣೆಗೆ ಕರೆದು ಕೇಳಿದಳು: "ಅತ್ತೆ, ಮಾಸಿನಲ್ಲೂ ಪ್ಲಾಸ್ಟಿಕ್ ಇರುತ್ತದಂತೆ. ನನ್ನಿಂದ ಮಗುವಿಗೆ ಹೋಗುತ್ತಿದೆಯೇ?"

ಇಂಥ ಪ್ರಶ್ನೆಗೆ "ಏನೂ ಆಗುವುದಿಲ್ಲ, ಸುಮ್ಮನಿರು" ಎಂದು ಹೇಳುವುದು ಹಿರಿಯರ ವಾಡಿಕೆ. ನನಗೆ ಹಾಗೆ ಹೇಳಲು ಬರುವುದಿಲ್ಲ. ಆ ಸಂಶೋಧನೆಯಲ್ಲಿ ನಿಜವಾಗಿ ಏನಿದೆಯೋ ಅದನ್ನೇ ಹೇಳಿದೆ. ಇಟಲಿಯ ವೈದ್ಯರು ಆರು ಬಾಣಂತಿಯರ ಮಾಸನ್ನು, ಅಂದರೆ ಪ್ಲಾಸೆಂಟಾವನ್ನು, ಪರೀಕ್ಷಿಸಿದ್ದರು. ಹೆರಿಗೆ ಕೋಣೆಯಲ್ಲೇ ಪ್ಲಾಸ್ಟಿಕ್ಕನ್ನು ದೂರವಿಟ್ಟು, ವೈದ್ಯರು ಸೂಲಗಿತ್ತಿಯರೆಲ್ಲ ಹತ್ತಿಯ ಗವಸು ತೊಟ್ಟು ಕೆಲಸ ಮಾಡಿದ್ದರು. ನಾಲ್ವರ ಮಾಸಿನಲ್ಲಿ ಒಟ್ಟು 12 ಕಣ ಸಿಕ್ಕವು. ಹನ್ನೆರಡಕ್ಕೂ ಬಣ್ಣವಿತ್ತು. ಅವುಗಳಲ್ಲಿ ಮೂರು ಪಾಲಿಪ್ರೊಪಿಲೀನ್ ಎಂಬ ಬಗೆಯ ಪ್ಲಾಸ್ಟಿಕ್ ಎಂದು ಗುರುತಿಸಲು ಸಾಧ್ಯವಾಯಿತು. ಉಳಿದ ಒಂಬತ್ತರಲ್ಲಿ ಬಣ್ಣ ಯಾವುದೆಂದು ತಿಳಿಯಿತೇ ಹೊರತು ಒಳಗಿನ ವಸ್ತು ಯಾವುದೆಂದು ತಿಳಿಯಲಿಲ್ಲ. ಮಾಸಿನ ಒಂದು ಸಣ್ಣ ಭಾಗವನ್ನಷ್ಟೇ ಅವರು ನೋಡಿದ್ದರು, ಅದನ್ನೂ ಅವರೇ ಬರೆದಿದ್ದಾರೆ. ಕಣಗಳಿಂದ ಮಗುವಿಗೆ ತೊಂದರೆಯಾಯಿತೆಂದು ಅವರು ಹೇಳಲಿಲ್ಲ, ಅದನ್ನು ಅವರು ಅಳೆದೂ ಇರಲಿಲ್ಲ.

"ಹಾಗಾದರೆ ಇದೆ ಎಂದಾಯಿತು" ಎಂದಳು.

"ಇದೆ. ಎಷ್ಟಿದೆ ಎಂಬುದರಲ್ಲೇ ಜಗಳ."

ಆ ಇಟಲಿಯ ಪ್ರಬಂಧದ ಮೇಲೆ ನನಗೆ ಗೌರವ. ಹನ್ನೆರಡು ಕಣ ಎಂದು ಹೇಳಿ, ಅದರಲ್ಲಿ ಮೂರು ಮಾತ್ರ ಖಚಿತ ಎಂದು ಒಪ್ಪಿಕೊಳ್ಳುವ ಧೈರ್ಯ ಎಲ್ಲರಿಗೂ ಬರುವುದಿಲ್ಲ. 2024ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದವರು 62 ಮಾಸುಗಳನ್ನು ಬೇರೆ ವಿಧಾನದಿಂದ ಪರೀಕ್ಷಿಸಿ ಅರವತ್ತೆರಡರಲ್ಲೂ ಪ್ಲಾಸ್ಟಿಕ್ ಇದೆ ಎಂದರು. ಮಾಸು ಅದೇ, ಪ್ರಶ್ನೆ ಅದೇ, ಯಂತ್ರ ಮಾತ್ರ ಬೇರೆ. ಈ ವಿವಾದದ ಬೇರು ಆ ಯಂತ್ರಗಳಲ್ಲೇ ಇರುವುದರಿಂದ ಅವುಗಳ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಬೇಸರವಾದವರು ಇಡ್ಲಿಯ ಭಾಗಕ್ಕೆ ಹಾರಬಹುದು.

ಇಟಲಿಯವರು ಬಳಸಿದ್ದು ರಾಮನ್ ಸೂಕ್ಷ್ಮದರ್ಶಕವನ್ನು. ಹೌದು, ನಮ್ಮ ಸಿ.ವಿ. ರಾಮನ್ ಅವರ ರಾಮನ್ ಪರಿಣಾಮವೇ. 1928ರಲ್ಲಿ ಕೋಲ್ಕತ್ತದಲ್ಲಿ ಕಂಡದ್ದು, 1930ರಲ್ಲಿ ನೊಬೆಲ್ ತಂದದ್ದು. 1933ರಲ್ಲಿ ರಾಮನ್ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದವರು ಕೊನೆಯವರೆಗೂ ಇಲ್ಲೇ ಉಳಿದರು. ಮೇಖ್ರಿ ವೃತ್ತದ ಹತ್ತಿರ ಅವರು 1948ರಲ್ಲಿ ಕಟ್ಟಿದ ಸಂಸ್ಥೆ ಇಂದಿಗೂ ಇದೆ. ಒಂದು ಕಣದ ಮೇಲೆ ಲೇಸರ್ ಬೆಳಕು ಬಿಟ್ಟರೆ ಚದುರಿ ಬರುವ ಬೆಳಕಿನಲ್ಲಿ ಅತಿ ಸಣ್ಣ ಪಾಲಿನ ಬಣ್ಣ ಬದಲಾಗಿರುತ್ತದೆ. ಬದಲಾವಣೆಯ ಕ್ರಮ ಒಂದೊಂದು ವಸ್ತುವಿಗೂ ಬೇರೆ ಬೇರೆ. ಹಾಗಾಗಿ ಇದು ಪಾಲಿಪ್ರೊಪಿಲೀನ್, ಇದು ನೈಲಾನ್ ಎಂದು ಒಂದೊಂದೇ ಕಣವನ್ನು ಕಣ್ಣಾರೆ ಕಂಡು ಗುರುತಿಸಬಹುದು. ತೊಂದರೆ ಮೂರು. ಕೆಲಸ ನಿಧಾನ, ಕಣದಲ್ಲಿರುವ ಬಣ್ಣವೋ ಜೀವಕೋಶದ ಹೊಳಪೋ ಸುಳಿವನ್ನು ಮುಚ್ಚಿಹಾಕಬಹುದು. ಜೊತೆಗೆ ಸಾಮಾನ್ಯ ಉಪಕರಣದಲ್ಲಿ ಒಂದು ಮೈಕ್ರಾನಿನ ಆಸುಪಾಸಿಗಿಂತ ಸಣ್ಣದು ಕಾಣುವುದಿಲ್ಲ. ದೇಹದ ಅಂಗಾಂಶದೊಳಕ್ಕೆ ನುಸುಳುವ ಸಾಧ್ಯತೆ ಹೆಚ್ಚಿರುವುದು ಆ ಸಣ್ಣವಕ್ಕೇ. 150 ಮೈಕ್ರಾನಿಗಿಂತ ದೊಡ್ಡ ಕಣಗಳು ಕರುಳಿನಿಂದ ಒಳಗೆ ಹೋಗದೆ ಮಲದಲ್ಲಿ ಹೊರಬೀಳುತ್ತವೆ ಎಂದೇ ವಿಶ್ವ ಆರೋಗ್ಯ ಸಂಸ್ಥೆಯ 2019ರ ವರದಿಯೂ ಭಾವಿಸಿತ್ತು.

ಇನ್ನೊಂದು ಯಂತ್ರಕ್ಕೆ ಕಣವನ್ನು ನೋಡುವ ಹಂಗಿಲ್ಲ. ಮಾದರಿಯನ್ನು ಆಮ್ಲಜನಕವಿಲ್ಲದ ಕಡೆ ನೂರಾರು ಡಿಗ್ರಿ ಕಾಯಿಸಿ ಒಡೆದು, ಬರುವ ಅನಿಲಗಳನ್ನು ಬೇರ್ಪಡಿಸಿ ತೂಗುತ್ತದೆ. ಪೈರಾಲಿಸಿಸ್ ಎನ್ನುತ್ತಾರೆ. ಕಣ ಎಷ್ಟೇ ಸಣ್ಣದಿರಲಿ ತೂಕ ಸಿಗುತ್ತದೆ, ಅದೇ ಅದರ ಶಕ್ತಿ. ಆದರೆ ಪಾಲಿಥಿನ್ ಎಂಬುದು ಇಂಗಾಲ, ಜಲಜನಕಗಳ ಉದ್ದನೆಯ ಸರಪಳಿ. ನಮ್ಮ ದೇಹದ ಕೊಬ್ಬಿನ ಅಣುವಿನ ಬಾಲವೂ ಅಂಥದೇ ಸರಪಳಿ. ಎರಡನ್ನೂ ಕಾಯಿಸಿ ಒಡೆದರೆ ಬರುವ ತುಂಡುಗಳು ಬಹುಮಟ್ಟಿಗೆ ಒಂದೇ. ಬೀದಿಯಲ್ಲಿ ನಡೆದು ಹೋಗುವವರ ಮೂಗಿಗೆ ಒಗ್ಗರಣೆಯ ವಾಸನೆ ಬಡಿಯುತ್ತದೆ, ಅದು ಸಾರಿಗೋ ಪಲ್ಯಕ್ಕೋ ಚಿತ್ರಾನ್ನಕ್ಕೋ ಎಂದು ವಾಸನೆಯಿಂದ ಹೇಳಲಾಗುತ್ತದೆಯೇ? ಹಾಗಾಗಿ ಮೊದಲು ಕೊಬ್ಬನ್ನು ಪೂರ್ತಿ ತೊಲಗಿಸಬೇಕು. ಪೂರ್ತಿ ತೊಲಗಿತೇ ಎಂಬುದೇ ಪ್ರಶ್ನೆ.

ಈಗ 2025ರ ಫೆಬ್ರುವರಿಯಲ್ಲಿ ಜಗತ್ತನ್ನೆಲ್ಲ ಸುತ್ತಿದ ಮಿದುಳಿನ ಸುದ್ದಿಗೆ ಬನ್ನಿ. ನ್ಯೂ ಮೆಕ್ಸಿಕೊದ ಅದೇ ತಂಡ ಮರಣೋತ್ತರ ಪರೀಕ್ಷೆಯ ಮಿದುಳಿನ ತುಣುಕುಗಳನ್ನು ಈ ವಿಧಾನದಿಂದ ಅಳೆದು ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟಿಸಿತು. 2024ರ ಮಾದರಿಗಳಲ್ಲಿ ಗ್ರಾಮಿಗೆ ಸುಮಾರು 4,900 ಮೈಕ್ರೋಗ್ರಾಂ (ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು) ಪ್ಲಾಸ್ಟಿಕ್, 2016ರ ಮಾದರಿಗಳಿಗಿಂತ ಸರಿಸುಮಾರು ಅರ್ಧದಷ್ಟು ಹೆಚ್ಚು. ಅದರಲ್ಲಿ ಮುಕ್ಕಾಲು ಪಾಲು ಪಾಲಿಥಿನ್. ಇಡೀ ಮಿದುಳಿಗೆ ಗುಣಿಸಿದರೆ ಏಳು ಗ್ರಾಂ ಹತ್ತಿರ ಬರುತ್ತದೆ. ಒಂದು ಪ್ಲಾಸ್ಟಿಕ್ ಚಮಚ ಎಂಬ ಶೀರ್ಷಿಕೆ ಬಂದದ್ದು ಹಾಗೆ. ಮರೆವಿನ ಕಾಯಿಲೆ ಇದ್ದವರ ಮಿದುಳಿನಲ್ಲಿ ಇನ್ನೂ ಹೆಚ್ಚಿತ್ತು. ಆದರೆ ಅಂಥ ಮಾದರಿ ಇದ್ದದ್ದು ಹನ್ನೆರಡು ಮಾತ್ರ. ಆ ಕಾಯಿಲೆಯಲ್ಲಿ ಮಿದುಳಿನ ರಕ್ಷಣೆಯ ಗೋಡೆಯೇ ಸಡಿಲವಾಗಿರುವುದರಿಂದ ಪ್ಲಾಸ್ಟಿಕ್ ರೋಗದ ಕಾರಣವೋ ಪರಿಣಾಮವೋ ತಿಳಿಯದು ಎಂದು ಲೇಖಕರೇ ಎಚ್ಚರಿಸಿದ್ದರು. ಆ ಎಚ್ಚರಿಕೆ ನನ್ನ ಮೊಬೈಲಿಗೆ ಬಂದ ಯಾವ ಸಂದೇಶದಲ್ಲೂ ಇರಲಿಲ್ಲ.

ನನ್ನಂಥವಳು ಇಂಥ ಅಂಕಿಯನ್ನು ಕಂಡ ಕೂಡಲೇ ಪಕ್ಕದಲ್ಲಿ ಇನ್ನೊಂದು ಅಂಕಿ ಇಟ್ಟು ನೋಡುತ್ತಾಳೆ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು 22 ಜನರ ರಕ್ತ ಪರೀಕ್ಷಿಸಿ 17 ಜನರಲ್ಲಿ ಪ್ಲಾಸ್ಟಿಕ್ ಕಂಡಿದ್ದರು. ಸರಾಸರಿ, ಒಂದು ಮಿಲಿಲೀಟರಿಗೆ 1.6 ಮೈಕ್ರೋಗ್ರಾಂ. ಮಿದುಳಿಗೆ ಏನು ಹೋಗಬೇಕಾದರೂ ಹೆಚ್ಚಾಗಿ ರಕ್ತದ ಮೂಲಕವೇ ಹೋಗಬೇಕು. ರಕ್ತದಲ್ಲಿ ಒಂದೂವರೆ, ಮಿದುಳಿನಲ್ಲಿ ಐದು ಸಾವಿರ. ಇದು ಅಸಾಧ್ಯ ಎನ್ನಲಾರೆ, ಕೆಲವು ವಸ್ತುಗಳು ಅಂಗಾಂಶದಲ್ಲಿ ಕೂಡಿಕೊಳ್ಳುತ್ತವೆ. ಆದರೆ ಒಣ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಕೊಬ್ಬೇ ಇರುವ ಅಂಗದಲ್ಲಿ, ಕೊಬ್ಬನ್ನು ಪಾಲಿಥಿನ್ ಎಂದು ಓದಬಹುದಾದ ಯಂತ್ರ ಮೂರು ಸಾವಿರ ಪಟ್ಟು ಹೆಚ್ಚು ಪ್ಲಾಸ್ಟಿಕ್ ತೋರಿಸಿದರೆ ನಮ್ಮ ಪ್ರಯೋಗಾಲಯದಲ್ಲಿ ಆ ವರದಿಗೆ ಸಹಿ ಬೀಳುತ್ತಿರಲಿಲ್ಲ. ಮತ್ತೆ ಮಾಡಿ ಎಂದು ಹಿಂದಿರುಗಿಸುತ್ತಿದ್ದೆವು. ಅದೇ ಪತ್ರಿಕೆಯಲ್ಲಿ ಬೇರೆ ವಿಜ್ಞಾನಿಗಳ ಆಕ್ಷೇಪವೂ ಆ ವರ್ಷವೇ ಪ್ರಕಟವಾಯಿತು: ಬ್ಲಾಂಕ್‌ಗಳು ಸಾಲವು, ಕೊಬ್ಬಿನ ಗೊಂದಲ ಬಗೆಹರಿದಿಲ್ಲ ಎಂದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ತಂಡ ಪ್ರತ್ಯೇಕವಾಗಿ ಪರೀಕ್ಷಿಸಿ, ಮನುಷ್ಯರ ರಕ್ತದಲ್ಲಿ ಪಾಲಿಥಿನ್ ಮತ್ತು ಪಿವಿಸಿ ಅಳೆಯಲು ಈ ವಿಧಾನ ಸದ್ಯಕ್ಕೆ ಸೂಕ್ತವಲ್ಲ ಎಂದಿತು.

ಇಲ್ಲಿಗೆ ನಿಲ್ಲಿಸಿ, ಎಲ್ಲ ಬೊಗಳೆ ಎಂದು ಕೈತೊಳೆದುಕೊಳ್ಳುವವರೂ ಇದ್ದಾರೆ. ಅವರ ಮೇಲೂ ನನಗೆ ಸಿಟ್ಟೇ. 2024ರ ಮಾರ್ಚಿನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಇಟಲಿಯ ಅಧ್ಯಯನವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಕತ್ತಿನ ರಕ್ತನಾಳದಲ್ಲಿ ಕಟ್ಟಿಕೊಂಡ ಗಡ್ಡೆಯನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆಸಿಕೊಂಡ 257 ಜನರನ್ನು ಸುಮಾರು ಮೂರು ವರ್ಷ ಗಮನಿಸಿದರು. 150 ಜನರ ಗಡ್ಡೆಯಲ್ಲಿ ಪ್ಲಾಸ್ಟಿಕ್ ಕಂಡಿತ್ತು. ಅವರಲ್ಲಿ 30 ಜನರಿಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವು ಬಂತು. ಪ್ಲಾಸ್ಟಿಕ್ ಕಾಣದ 107 ಜನರಲ್ಲಿ ಎಂಟು ಮಂದಿಗೆ. ಗಡ್ಡೆಯಲ್ಲೂ ಕೊಬ್ಬಿದೆ, ಬಳಸಿದ್ದೂ ಪೈರಾಲಿಸಿಸ್ಸೇ, ಹಾಗಾಗಿ ಹಿಂದೆ ಹೇಳಿದ ಅನುಮಾನ ಇಲ್ಲಿಗೂ ಅನ್ವಯ. ಪ್ಲಾಸ್ಟಿಕ್ ಹೆಚ್ಚಿದ್ದವರ ಊಟ, ಉದ್ಯೋಗ, ವಾಸದ ಗಾಳಿಯೂ ಬೇರೆಯಿದ್ದಿರಬಹುದು. ಆದರೆ ಒಂದು ಮಾತನ್ನು ಗಮನಿಸಿ. ಯಂತ್ರ ಬರಿಯ ಗೊಂದಲವನ್ನೇ ಅಳೆದಿದ್ದರೆ ಆ ಗೊಂದಲ ಮುಂದೆ ಯಾರಿಗೆ ಕಾಯಿಲೆ ಬರುತ್ತದೆಂದು ಹೇಳಬೇಕಾಗಿರಲಿಲ್ಲ. ಯಂತ್ರ ಅಳೆದದ್ದು ಪ್ಲಾಸ್ಟಿಕ್ಕನ್ನೇ ಇರಬಹುದು, ಅಥವಾ ಅಪಾಯಕಾರಿ ಗಡ್ಡೆಯ ಕೊಬ್ಬಿನ ಯಾವುದೋ ಗುಣವನ್ನು ಪ್ಲಾಸ್ಟಿಕ್ ಎಂದು ಕರೆದಿರಬಹುದು. ಎರಡರಲ್ಲಿ ಯಾವುದಾದರೂ ಅದನ್ನು ತಿಳಿಯಲೇಬೇಕು. ಬೇರೆ ಬೇರೆ ದೇಶಗಳಲ್ಲಿ, ಬೇರೆ ಯಂತ್ರಗಳಲ್ಲಿ ಮತ್ತೆ ಮಾಡಿ ನೋಡುವುದೊಂದೇ ದಾರಿ.

ಅನಿಶ್ಚಿತತೆಯನ್ನು ಬಂಡವಾಳ ಮಾಡಿಕೊಳ್ಳುವವರು ಯಾರೆಂದು ಕರ್ನಾಟಕದವರಿಗೆ ಹೊರಗಿನವರು ಹೇಳಿಕೊಡಬೇಕಿಲ್ಲ. ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ನಂತರ ಕೊಕ್ಕಡದ ಸುತ್ತಮುತ್ತ ಹುಟ್ಟಿದ ಮಕ್ಕಳ ಅಂಗವೈಕಲ್ಯಕ್ಕೂ ಆ ಕೀಟನಾಶಕಕ್ಕೂ ಸಂಬಂಧ ಸಾಬೀತಾಗಿಲ್ಲ ಎಂದು ವರ್ಷಗಟ್ಟಲೆ ವಾದ ನಡೆಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶಾದ್ಯಂತ ತಡೆಯಿತು. ಆ ವಾದಕ್ಕೂ ನಾನು ಮಾಡುತ್ತಿರುವ ವಾದಕ್ಕೂ ಏನು ವ್ಯತ್ಯಾಸ ಎಂದು ಯಾರಾದರೂ ಕೇಳಬಹುದು, ಕೇಳಬೇಕು ಕೂಡ. ಒಂದು ಅಳತೆ ತಪ್ಪಿರಬಹುದು, ಮತ್ತೆ ಅಳೆಯಿರಿ ಎನ್ನುವುದು ನನ್ನ ವಾದ. ಅಳತೆ ಸರಿಯಿಲ್ಲ, ಆದ್ದರಿಂದ ಸಿಂಪಡಿಸುತ್ತಲೇ ಇರೋಣ ಎನ್ನುವುದು ಅವರದು. ಜಗತ್ತು ವರ್ಷಕ್ಕೆ 40 ಕೋಟಿ ಟನ್ನಿಗೂ ಹೆಚ್ಚು ಪ್ಲಾಸ್ಟಿಕ್ ತಯಾರಿಸುತ್ತಿದೆ, ಅದನ್ನು ಮಿತಿಗೊಳಿಸುವ ಒಪ್ಪಂದಕ್ಕೆ 2025ರ ಆಗಸ್ಟಿನಲ್ಲಿ ಜಿನೀವಾದಲ್ಲಿ ಸೇರಿದ ದೇಶಗಳು ಒಮ್ಮತಕ್ಕೆ ಬಾರದೆ ಎದ್ದು ಹೋದವು. ಮಿದುಳಿನ ಚಮಚ ಸುಳ್ಳಾದರೂ ಆ 40 ಕೋಟಿ ಟನ್ ಸುಳ್ಳಾಗುವುದಿಲ್ಲ. ಉತ್ಪ್ರೇಕ್ಷೆಯ ಸಂಶೋಧನೆಯ ಮೇಲೆ ನನಗಿರುವ ದೊಡ್ಡ ದೂರು ಇದೇ. ಒಂದು ಅಂಕಿ ಬಿದ್ದಾಗ ಅದನ್ನು ಹಿಡಿದುಕೊಂಡು ಇಡೀ ವಿಷಯವನ್ನೇ ಬೀಳಿಸಲು ಕಾದಿರುವವರಿಗೆ ಅದು ಅಸ್ತ್ರವಾಗುತ್ತದೆ.

ಇಡ್ಲಿಯ ವಿಷಯ. 2025ರ ಫೆಬ್ರುವರಿಯಲ್ಲೇ, ಮಿದುಳಿನ ಸುದ್ದಿ ಬಂದ ತಿಂಗಳಲ್ಲೇ, ರಾಜ್ಯದ ಆಹಾರ ಸುರಕ್ಷತಾ ಇಲಾಖೆ 250ಕ್ಕೂ ಹೆಚ್ಚು ಇಡ್ಲಿ ಮಾದರಿಗಳನ್ನು ಪರಿಶೀಲಿಸಿತು. 50ಕ್ಕೂ ಹೆಚ್ಚು ಕಡೆ ಇಡ್ಲಿ ತಟ್ಟೆಯ ಮೇಲೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುತ್ತಿದ್ದರು. ಆರೋಗ್ಯ ಸಚಿವರು ಅದನ್ನು ನಿಷೇಧಿಸುವುದಾಗಿ ಪ್ರಕಟಿಸಿದರು. ಬೆಂಗಳೂರಿನ ಬೆಳಗು ಒಂದೆರಡು ವಾರ ಅಲ್ಲಾಡಿತು. ನಮ್ಮ ಬೀದಿಯ ತಳ್ಳುಗಾಡಿಯವರು ಬಿಳಿ ಬಟ್ಟೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ತೋರಿಸಿ ಇಡ್ಲಿ ಬಡಿಸಿದ್ದು ನೆನಪಿದೆ.

ನನಗೆ ಆ ನಿರ್ಧಾರ ಪೂರ್ತಿ ಒಪ್ಪಿಗೆ. ಅದಕ್ಕೆ ಮಿದುಳಿನ ಚಮಚದ ಸಾಕ್ಷಿಯೇ ಬೇಕಾಗಿರಲಿಲ್ಲ. ಕುದಿಯುವ ನೀರಿನ ಹಬೆಯಲ್ಲಿ, ಯಾವ ದರ್ಜೆಯದೆಂದು ಗೊತ್ತಿಲ್ಲದ ತೆಳು ಹಾಳೆ, ಅದರ ಮೇಲೆ ಹುಳಿ ಹಿಟ್ಟು. ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಲು ಬೆರೆಸುವ ಥ್ಯಾಲೇಟ್‌ಗಳಂಥ ರಾಸಾಯನಿಕಗಳು ಬಿಸಿಗೆ ಹೆಚ್ಚು ಜಿನುಗುತ್ತವೆ. ಕಣಗಳ ಬಗ್ಗೆ ಇರುವಷ್ಟು ಗೊಂದಲ ಈ ರಾಸಾಯನಿಕಗಳ ಬಗ್ಗೆ ಇಲ್ಲ. ಅವು ದ್ರವದಲ್ಲಿ ಕರಗುತ್ತವೆ, ಮೂತ್ರದಲ್ಲಿ ಅವುಗಳ ಕುರುಹನ್ನು ದಶಕಗಳಿಂದ ನಂಬಿಕೆಯಿಂದ ಅಳೆಯುತ್ತಿದ್ದಾರೆ, ಹಾರ್ಮೋನುಗಳ ಮೇಲೆ ಅವುಗಳ ಪ್ರಭಾವದ ಅಧ್ಯಯನ ಬೇಕಾದಷ್ಟಿದೆ. ಬಟ್ಟೆ ಹಾಸಿದರೆ ಇಡ್ಲಿಯ ರುಚಿಗೇನೂ ಕುಂದಿಲ್ಲ. ಖರ್ಚು ಕಡಿಮೆ, ಲಾಭದ ಸಾಧ್ಯತೆ ಇದೆ, ಮುಗಿಯಿತು.

ನೀರಿನ ವಿಷಯ ಅಷ್ಟು ಸುಲಭವಲ್ಲ. ನಮ್ಮ ನಗರದಲ್ಲಿ ಇಪ್ಪತ್ತು ಲೀಟರಿನ ಕ್ಯಾನು ಇಲ್ಲದ ಮನೆ, ಕಚೇರಿ ಅಪರೂಪ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಆ ಕ್ಯಾನೇ ಆಪದ್ಬಾಂಧವ. ಅದೇ ವರ್ಷದ ಜನವರಿಯಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು ಅಲ್ಲಿನ ಮೂರು ಬ್ರ್ಯಾಂಡುಗಳ ಬಾಟಲಿ ನೀರಿನಲ್ಲಿ ಲೀಟರಿಗೆ ಸರಾಸರಿ 2.4 ಲಕ್ಷ ಕಣ ಕಂಡರು. ನೂರಕ್ಕೆ ತೊಂಬತ್ತು ಪಾಲು ಒಂದು ಮೈಕ್ರಾನಿಗಿಂತ ಸಣ್ಣ, ನ್ಯಾನೋ ಗಾತ್ರದವು. ಅವರ ಉಪಕರಣವೂ ರಾಮನ್ ಪರಿಣಾಮದ ಮೇಲೆಯೇ ನಿಂತದ್ದು, ಆದರೆ ಎರಡು ಲೇಸರ್ ಬಳಸಿ ಬಲಪಡಿಸಿದ್ದು. ಹಾಗಾಗಿ ಮೈಕ್ರಾನಿನ ಹತ್ತನೇ ಒಂದು ಪಾಲಿನಷ್ಟು ಸಣ್ಣದನ್ನೂ ಅದು ನೋಡಬಲ್ಲುದು. ಕಂಡವುಗಳಲ್ಲಿ ಮುಖ್ಯವಾದ ಒಂದು ನೈಲಾನ್ ಜಾತಿಯ ಪಾಲಿಅಮೈಡ್. ಅದು ಬಾಟಲಿಯಿಂದ ಬಂದದ್ದಲ್ಲ, ನೀರನ್ನು ಶುದ್ಧಗೊಳಿಸುವ ಸೋಸುಪೊರೆಯಿಂದಲೇ ಬಂದಿರಬೇಕೆಂದು ಅವರ ಊಹೆ. ನಮ್ಮ ಅಡುಗೆಮನೆಗಳ ಆರ್‌ಒ ಯಂತ್ರದ ಪೊರೆಯೂ ಪಾಲಿಅಮೈಡೇ.

ಅದೇ ವರ್ಷ ಚೀನಾದ ಗ್ವಾಂಗ್‌ಝೌ ಸಂಶೋಧಕರಿಂದ ಇನ್ನೊಂದು ಸುದ್ದಿ ಬಂತು. ಗಡಸು ನೀರನ್ನು ಕುದಿಸಿದರೆ ಅದರಲ್ಲಿರುವ ಸುಣ್ಣದಂಶ ಬೇರ್ಪಟ್ಟು ಗಟ್ಟಿಯಾಗುವಾಗ ಪ್ಲಾಸ್ಟಿಕ್ ಕಣಗಳನ್ನೂ ತನ್ನೊಳಗೆ ಹಿಡಿದುಕೊಳ್ಳುತ್ತದೆ, ತಿಳಿಯಾದ ನೀರನ್ನು ಸೋಸಿಕೊಂಡರೆ ಸಾಕು. ಲೀಟರಿಗೆ 300 ಮಿಲಿಗ್ರಾಂ ಗಡಸುತನವಿದ್ದರೆ ನೂರಕ್ಕೆ ತೊಂಬತ್ತರವರೆಗೆ ಕಣ ಹೋಗುತ್ತದೆ, ಮೆದು ನೀರಿನಲ್ಲಿ ಇಪ್ಪತ್ತೈದರಷ್ಟು ಮಾತ್ರ. ಬೆಂಗಳೂರಿನ ಕೊಳವೆಬಾವಿಯ ನೀರು ಕಾಯಿಸಿದ ಪಾತ್ರೆಯ ತಳದ ಬಿಳಿ ಪದರವನ್ನು ಹುಣಸೆಹಣ್ಣು ಹಾಕಿ ಉಜ್ಜಿದವರಿಗೆ ಗಡಸುತನದ ಪರಿಚಯ ಬೇಡ.

ಅಣ್ಣನ ಮನೆಯಲ್ಲಿ ಇದನ್ನು ಹೇಳಿದಾಗ ಅತ್ತಿಗೆಗೆ ಬಹಳ ಸಂತೋಷವಾಯಿತು. "ನೋಡಿದೆಯಾ? ನಿಮ್ಮಮ್ಮ ಅದನ್ನೇ ಮಾಡುತ್ತಿದ್ದರು. ಕಾಯಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ ತಾಮ್ರದ ಬಿಂದಿಗೆಗೆ. ಹಿರಿಯರಿಗೆ ಎಲ್ಲ ಗೊತ್ತಿತ್ತು."

"ಅತ್ತಿಗೆ, ಅಮ್ಮ ಕಾಯಿಸುತ್ತಿದ್ದದ್ದು ಟೈಫಾಯ್ಡಿಗೆ ಹೆದರಿ. ಪ್ಲಾಸ್ಟಿಕ್ಕಿಗಲ್ಲ."

"ಯಾವುದಕ್ಕಾದರೇನು, ಹೋಯಿತಲ್ಲ?"

ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಆ ಪ್ರಯೋಗದಲ್ಲಿ ಕಣಗಳನ್ನು ಸಂಶೋಧಕರೇ ಬೆರೆಸಿದ್ದರು, ಅದು ಗ್ವಾಂಗ್‌ಝೌ ನಲ್ಲಿಯ ನೀರು, ನಮ್ಮ ನಲ್ಲಿಯದಲ್ಲ ಎಂದೆಲ್ಲ ಹೇಳಲು ಹೊರಟೆ. ಅವರು ಆಗಲೇ ಒಲೆಯ ಮೇಲೆ ನೀರಿಟ್ಟಾಗಿತ್ತು. ಕಾಯಿಸಿದ ನೀರು ಕುಡಿದು ಯಾರೂ ಕೆಟ್ಟಿಲ್ಲ, ಸುಮ್ಮನಾದೆ.

ಅಣ್ಣನ ಮಗಳಿಗೆ ನಾನು ಹೇಳಿದ್ದು ಇಷ್ಟೇ. ಬಿಸಿ ಆಹಾರ ಪ್ಲಾಸ್ಟಿಕ್ಕಿನಲ್ಲಿ ಬೇಡ. ಹೋಟೆಲಿನಿಂದ ಸಾಂಬಾರು ತರಿಸುವುದಾದರೆ ಸ್ಟೀಲ್ ಡಬ್ಬಿ ಕೊಟ್ಟು ಕಳಿಸು. ಮನೆಯ ಧೂಳಿನಲ್ಲಿ ಬಟ್ಟೆಯ ಎಳೆ ಬಹಳವಿರುತ್ತದೆ, ಗುಡಿಸುವುದಕ್ಕಿಂತ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಒಳ್ಳೆಯದು, ಅದನ್ನು ನೀನು ಮಾಡಬೇಡ, ನಿನ್ನ ಗಂಡನಿಗೆ ಹೇಳು. ರಕ್ತದಲ್ಲಿ ಎಷ್ಟಿದೆ ಎಂದು ಹೇಳುತ್ತೇವೆ ಎಂದು ಪರೀಕ್ಷೆ ಮಾರುವವರಿಗೆ ದುಡ್ಡು ಕೊಡಬೇಡ. ಪ್ರಪಂಚದ ದೊಡ್ಡ ಪ್ರಯೋಗಾಲಯಗಳೇ ಒಮ್ಮತಕ್ಕೆ ಬಾರದ ಅಂಕಿ ಅದು. ಬಂದರೂ ಎಷ್ಟಿದ್ದರೆ ಹೆಚ್ಚು, ಎಷ್ಟಿದ್ದರೆ ಕಡಿಮೆ ಎಂಬ ಗೆರೆಯನ್ನು ಯಾರೂ ಎಳೆದಿಲ್ಲ. ವೈದ್ಯರು ಬರೆದ ಕಬ್ಬಿಣದ ಮಾತ್ರೆಯನ್ನು ತಪ್ಪಿಸಬೇಡ, ಅದರ ಲಾಭದ ಬಗ್ಗೆ ಯಾರಿಗೂ ಅನುಮಾನವಿಲ್ಲ.

ಅವಳು ಎಲ್ಲ ಕೇಳಿಸಿಕೊಂಡು, "ಮತ್ತೆ ಗಾಳಿ?" ಎಂದಳು. ಅವಳ ಗಂಡನ ಮನೆ ತುಮಕೂರು ರಸ್ತೆಯ ಮೇಲ್ಸೇತುವೆಯ ಪಕ್ಕದಲ್ಲೇ.

ಈ ಪ್ರಶ್ನೆಯನ್ನು ಜನ ಕೇಳುವುದು ಕಡಿಮೆ. ಬಾಟಲಿ, ಡಬ್ಬಿ, ಇಡ್ಲಿ ಹಾಳೆ ಕಣ್ಣಿಗೆ ಕಾಣುತ್ತವೆ. ಟೈರು ಸವೆಯುವುದು ಕಾಣುವುದಿಲ್ಲ. ಟೈರಿನಲ್ಲಿ ಕೃತಕ ರಬ್ಬರ್ ಇದೆ, ಅದರ ಧೂಳು ಪರಿಸರ ಸೇರುವ ಮೈಕ್ರೋಪ್ಲಾಸ್ಟಿಕ್ಕಿನ ದೊಡ್ಡ ಮೂಲಗಳಲ್ಲೊಂದು. ಬೆಂಗಳೂರಿನ ವಾಹನಗಳ ಸಂಖ್ಯೆ ಕೋಟಿ ದಾಟಿದೆ. ಇಡೀ ಈ ಕ್ಷೇತ್ರದಲ್ಲಿ ಕಾರಣ ಮತ್ತು ಪರಿಣಾಮವನ್ನು ಬೆರಳಿಟ್ಟು ತೋರಿಸಿದ ಒಂದು ಉದಾಹರಣೆಯೂ ಟೈರಿನದೇ. ಅಮೆರಿಕದ ವಾಷಿಂಗ್ಟನ್ ರಾಜ್ಯದ ತೊರೆಗಳಲ್ಲಿ ಮಳೆ ಬಂದ ಮೇಲೆ ಕೋಹೊ ಸಾಲ್ಮನ್ ಮೀನುಗಳು ಮೊಟ್ಟೆಯಿಡುವ ಮೊದಲೇ ಸಾಯುತ್ತಿದ್ದವು. ರಸ್ತೆಯ ನೀರಿನಲ್ಲಿದ್ದ ರಾಸಾಯನಿಕಗಳನ್ನು ಒಂದೊಂದಾಗಿ ಬೇರ್ಪಡಿಸಿ, ಮೀನಿನ ಮೇಲೆ ಪ್ರಯೋಗಿಸಿ, ವರ್ಷಗಳ ನಂತರ 2020ರಲ್ಲಿ ಅಪರಾಧಿಯನ್ನು ಹಿಡಿದರು. ಟೈರು ಬಿರುಕು ಬಿಡದಿರಲೆಂದು ಬೆರೆಸುವ 6ಪಿಪಿಡಿ ಎಂಬ ವಸ್ತು ಗಾಳಿಯ ಓಝೋನ್ ಜೊತೆ ಸೇರಿ ಆದ ವಿಷ ಅದು. ಮೀನು ಕೆಲವೇ ಗಂಟೆಗಳಲ್ಲಿ ಸಾಯುತ್ತಿದ್ದದ್ದರಿಂದ ಪತ್ತೆ ಸಾಧ್ಯವಾಯಿತು. ಮೂವತ್ತು ವರ್ಷ ನಿಧಾನವಾಗಿ ಉಸಿರಾಡಿ ಅರವತ್ತಕ್ಕೆ ಕಾಯಿಲೆ ಬೀಳುವ ಮನುಷ್ಯರಲ್ಲಿ ಅಂಥ ಪ್ರಯೋಗ ಮಾಡುವಂತಿಲ್ಲ.

ವಿದ್ಯುತ್ ಕಾರು ಬಂದರೆ ಹೊಗೆ ಹೋದೀತು, ಟೈರು ಹೋಗುವುದಿಲ್ಲ. ಬ್ಯಾಟರಿಯ ಭಾರಕ್ಕೆ ಸವೆತ ಹೆಚ್ಚೇ ಆಗಬಹುದು. ಮನೆಯಲ್ಲಿ ಸ್ಟೀಲ್ ಡಬ್ಬಿ ಇಟ್ಟುಕೊಂಡು ಇದನ್ನು ತಡೆಯಲಾಗದು, ಕಿಟಕಿ ಮುಚ್ಚಿದರೆ ಸೆಕೆ. ಒಂದು ಬಸ್ಸಿನಲ್ಲಿ ಅರವತ್ತು ಜನ ಹೋದರೆ ಅಷ್ಟು ಮಂದಿಯ ಸ್ಕೂಟರು, ಕಾರುಗಳ ಟೈರು ರಸ್ತೆಗೆ ಇಳಿಯುವುದಿಲ್ಲ. ತುಮಕೂರು ರಸ್ತೆಯ ಮೇಲೆ 2014ರಿಂದ ಓಡುತ್ತಿರುವ ಹಸಿರು ಮಾರ್ಗದ ಮೆಟ್ರೊಗೆ ಉಕ್ಕಿನ ಚಕ್ರ, ಉಕ್ಕಿನ ಹಳಿ. ರಬ್ಬರಿನ ಪ್ರಶ್ನೆಯೇ ಇಲ್ಲ. ಅಣ್ಣನ ಮಗಳ ಮನೆಯಿಂದ ನಿಲ್ದಾಣಕ್ಕೆ ಅರ್ಧ ಕಿಲೋಮೀಟರ್ ಕೂಡ ಇಲ್ಲ, ಆದರೆ ನಡುವೆ ದಾಟಬೇಕಾದ ರಸ್ತೆಗೆ ಪಾದಚಾರಿ ಮಾರ್ಗವಿಲ್ಲ. ಹಾಗಾಗಿ ಅವಳು ಕಾರಿನಲ್ಲೇ ಹೋಗುತ್ತಾಳೆ.